ಸಂಜೆಗೆ ಸೋಲುವ ದವಡೆ

ನಾನು ಆಕೆಯನ್ನು ಮೊದಲ ಸಲ ಪರೀಕ್ಷಿಸಿದ ಬೆಳಿಗ್ಗೆ ಆಕೆಯ ಮೈಯಲ್ಲಿ ಯಾವ ದೋಷವೂ ಕಾಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದೆಲ್ಲ ಆ ಒಂದು ಬೆಳಿಗ್ಗೆಯ ಜತೆ ನಾವು ಆಡಿದ ಜಗಳ.

ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಸ್ನಾಯು ಸೋಲುವ ಕಾಯಿಲೆಯಿರಬಹುದು ಎಂಬ ಅನುಮಾನದವರು ಬಂದರೆ ಮೊದಲ ಪರೀಕ್ಷೆ ನನ್ನದು. ಕಣ್ಣು, ದವಡೆ, ಕುತ್ತಿಗೆ, ತೋಳು, ತೊಡೆಗಳ ಬಲ ನೋಡಬೇಕು. ದಿನದ ಕೆಲಸಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೇಳಬೇಕು. ಎರಡನ್ನೂ ಅಂಕಗಳಿಗೆ ಇಳಿಸಬೇಕು; ಸೋಲು ಹೆಚ್ಚಿದಷ್ಟೂ ಅಂಕ ಹೆಚ್ಚು. ಹೊರಗಿನಿಂದ ತಿಂಗಳಿಗೊಮ್ಮೆ ಬರುವ ನರರೋಗ ತಜ್ಞರು ಯಾರನ್ನು ನೋಡುತ್ತಾರೆ ಎಂಬುದು ಆ ಅಂಕದ ಮೇಲೆ ನಿಂತಿರುತ್ತದೆ. ಸೊನ್ನೆ ಬಂದವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆಗಳು ಎಲ್ಲೋ ದೂರದಲ್ಲಿ ತಯಾರಾಗಿ ಬಂದವು. ಮೆಟ್ಟಿಲು ಹತ್ತುವಾಗ ಕಷ್ಟವೇ ಎಂದು ಕೇಳುತ್ತವೆ. ನನ್ನ ಬಳಿ ಬರುವವರ ಮನೆಗಳಲ್ಲಿ ಮೆಟ್ಟಿಲೇ ಇರುವುದಿಲ್ಲ. ಹಾಗಾಗಿ ನಾನು ಬೇರೆ ಕೇಳುತ್ತೇನೆ. ತುಂಬಿದ ಕೊಡ ಸೊಂಟಕ್ಕೆ ಏರುತ್ತದೆಯೇ? ರೊಟ್ಟಿ ಬಡಿಯುವಾಗ ತೋಳು ನಡುವೆಯೇ ನಿಲ್ಲುತ್ತದೆಯೇ? ಜಡೆ ಹೆಣೆದು ಮುಗಿಯುವ ಮೊದಲೇ ಕೈ ಕೆಳಗಿಳಿಯುತ್ತದೆಯೇ? ಕುಕ್ಕರಗಾಲಲ್ಲಿ ಕೂತವರು ಏನನ್ನು ಹಿಡಿದು ಏಳುತ್ತೀರಿ?

ಆಕೆ ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಮೂವತ್ತರ ಆಸುಪಾಸು. ಭತ್ತದ ಗದ್ದೆಗಳಲ್ಲಿ ನಾಟಿಯ ಕೂಲಿ. ಜತೆಗೆ ಗಂಡ ಮತ್ತು ಅತ್ತೆ ಬಂದಿದ್ದರು.

“ಏನು ತೊಂದರೆ ನಿಮಗೆ?” ಎಂದು ಆಕೆಯನ್ನೇ ನೋಡಿ ಕೇಳಿದೆ.

“ತೊಂದ್ರಿ ಏನಿಲ್ರೀ. ಸಂಜಿ ಆತಂದ್ರ ಮೈಗಳ್ಳತನ,” ಎಂದರು ಅತ್ತೆ.

“ಅವರು ಹೇಳಲಿ.”

“ಆಕಿ ಏನ್ ಹೇಳ್ತಾಳ್ರೀ, ಬಾಯಿ ಸತ್ತಾಕಿ. ನಾ ಹೇಳ್ತೀನಿ, ಬರ್ಕೊಳ್ರಿ.”

ಸೆರಗು ಹಣೆಯವರೆಗೆ ಬಂದಿತ್ತು. ಅದರ ಅಡಿಯಿಂದ ಆಕೆ ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ನೆಲ ನೋಡಿದಳು. ನಾನು ತೋಳು ಒತ್ತಿದೆ. ಆಕೆ ನನ್ನ ಕೈಯನ್ನೇ ಹಿಂದಕ್ಕೆ ತಳ್ಳಿದಳು. ಕುತ್ತಿಗೆ ಗಟ್ಟಿ. ಕಣ್ಣು ಸರಿ. ಒಂದೇ ಉಸಿರಿಗೆ ಎಣಿಸಲು ಹೇಳಿದೆ, ಗಂಟೆಯಂಥ ದನಿಯಲ್ಲಿ ಎಣಿಸಿದಳು. ನಾನು ನೋಡಿದ್ದನ್ನು ನೋಡಿದಂತೆ ಬರೆದೆ: ಅಂಕ ಸೊನ್ನೆ. ನಮ್ಮ ವಿಭಾಗದ ಮುಖ್ಯಸ್ಥರಾದ ಹಿರಿಯ ವೈದ್ಯರು ಅದರ ಮೇಲೆ ಕಣ್ಣಾಡಿಸಿ, “ಇದು ಮನಸ್ಸಿನದು,” ಎಂದು ನಿದ್ದೆಗೂ ನೆಮ್ಮದಿಗೂ ಒಂದು ಗುಳಿಗೆ ಬರೆದುಕೊಟ್ಟರು.

ಮಧ್ಯಾಹ್ನ ಕ್ಯಾಂಟೀನಿಗೆ ಹೋದಾಗ ಅವರು ಮೂವರೂ ಅಲ್ಲಿದ್ದರು. ಮುಂಜಾನೆಯಿಂದ ಯಾರೂ ಏನೂ ತಿಂದಿರಲಿಲ್ಲವಂತೆ. ಈಗ ಪೂರಿ ತಿನ್ನುತ್ತಿದ್ದರು. ಆಕೆ ಮೊಣಕೈಯನ್ನು ಮೇಜಿಗೆ ಊರಿ, ಎಡ ಅಂಗೈಯಿಂದ ಗದ್ದವನ್ನು ಮೇಲಕ್ಕೆ ಒತ್ತುತ್ತಿದ್ದಳು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ದವಡೆ ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿತ್ತು. ಬೇಸರಗೊಂಡವರು ಗದ್ದಕ್ಕೆ ಕೈ ಕೊಟ್ಟು ಕೂರುವುದನ್ನು ಎಲ್ಲರೂ ನೋಡಿರುತ್ತೇವೆ. ಅಗಿಯಲು ಯಾರೂ ಹಾಗೆ ಕೂರುವುದಿಲ್ಲ.

ನಾನು ಊಟ ಬಿಟ್ಟು ಮುಖ್ಯಸ್ಥರ ಬಳಿಗೆ ಹೋದೆ. ಆಕೆಯನ್ನು ಮತ್ತೊಮ್ಮೆ ನೋಡಬೇಕು, ಫಲಿತಾಂಶ ತಡೆಯಿರಿ ಎಂದೆ.

“ಮೇಡಂ, ನಮ್ಮ ಕೋಣೆಯಲ್ಲಿ ನೋಡಿದ್ದನ್ನಷ್ಟೇ ನಾವು ಬರೆಯೋದು. ಕ್ಯಾಂಟೀನಲ್ಲಿ ನೋಡಿದ್ದು, ಬಸ್ ಸ್ಟ್ಯಾಂಡಲ್ಲಿ ನೋಡಿದ್ದು ಎಲ್ಲ ಬರೆಯೋಕೆ ಹೋದರೆ ಮುಗಿಯೋದಿಲ್ಲ.”

“ಹಾಗಾದರೆ ನಾನು ಸಹಿ ಹಾಕೋದಿಲ್ಲ ಸರ್.”

ಅವರು ನಕ್ಕರು. ಕೆಟ್ಟವರಲ್ಲ. ಹೊರಗೆ ಕಾಯುತ್ತಿದ್ದ ಸಾಲು ಅವರ ಕಣ್ಣ ಮುಂದಿತ್ತು. ನಾನು ಸಹಿ ಹಾಕದೆಯೇ ಹೊರಬಂದೆ. ಅಷ್ಟರಲ್ಲಿ ಅವರು ಮೂವರೂ ಊರಿಗೆ ಹೊರಟುಹೋಗಿದ್ದರು.

ಆ ವಾರವೇ ಒಂದು ಸಂಜೆ ಕರೂರಿಗೆ ಹೋದೆ. ಮನೆಗೆ ಹೋಗಿ ದಿನಚರಿ ನೋಡುವುದು ನನ್ನ ಕೆಲಸದ ಭಾಗವೇ, ಆದರೆ ಅದಕ್ಕೆ ಅಂಕವಿಲ್ಲ. ನಾಟಿ ಮುಗಿಸಿದ ಹೆಂಗಸರು ಕಾಲುವೆಯ ಬಳಿ ಕೆಸರು ತೊಳೆಯುತ್ತಿದ್ದರು. ನಾನು ಯಾರ ಮನೆಗೆ ಬಂದೆನೆಂದು ಹೇಳಿದ್ದೇ ತಡ, ಒಬ್ಬಳು ಶುರುಮಾಡಿದಳು.

“ಓ, ನಮ್ಮ ನಿದ್ದಿಗಣ್ಣಿನ ರಾಣಿ! ಮುಂಜಾನಿ ಹುಲಿ, ಸಂಜಿಗಿ ಇಲಿ. ಮುಂಜಾನಿ ಈಕಿ ಜೋಡಿ ಸಾಲು ಹಿಡ್ಯಾಕ ನಮಗ ಆಗಂಗಿಲ್ರೀ. ಉಂಡು ಎದ್ವಿ ಅಂದ್ರ ಸಸಿ ಕೈಯಾಗಿಂದ ತಾನ ಜಾರ್ತಾವು.”

“ಮಾತು ಬ್ಯಾರೆ ಮೂಗಿನ್ಯಾಗ. ಎದ್ಯಾಗ ಸೊಕ್ಕು ಜಾಸ್ತಿ ಆದ್ರ ಹಂಗ ಆಕ್ಕೈತಂತ,” ಎಂದು ಇನ್ನೊಬ್ಬಳು ನೀರು ಚಿಮುಕಿಸಿದಳು.

ಅವರ ನಡುವೆಯೇ ಕಾಲು ತೊಳೆಯುತ್ತಿದ್ದ ಆಕೆಯೂ ನಕ್ಕಳು. ನಗು ಪೂರ್ತಿಯಾಗಲಿಲ್ಲ. ತುಟಿಯ ತುದಿಗಳು ಮೇಲೇರದೆ ಹಾಗೆಯೇ ನಿಂತವು; ನಗುತ್ತಿರುವವಳು ಸಿಟ್ಟಿನಲ್ಲಿ ಹಲ್ಲು ಕಿರಿದಂತೆ ಕಾಣುತ್ತಿದ್ದಳು. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಇವಳು ನಾನು ಪರೀಕ್ಷಿಸಿದ ಹೆಂಗಸಲ್ಲ ಎಂದು ಒಂದು ಕ್ಷಣ ಅನ್ನಿಸಿತು.

ಮನೆಯಲ್ಲಿ ಅತ್ತೆ ನನಗೂ ತಟ್ಟೆ ಇಟ್ಟರು. ಅನ್ನ, ಬೇಳೆ ಸಾರು. ಆಕೆ ಎರಡು ತುತ್ತು ಉಂಡು ನೀರು ಕುಡಿದಳು. ನೀರು ಮೂಗಿನಿಂದ ಹೊರಬಂತು. ಆಮೇಲೆ ಕೆಮ್ಮಬೇಕಿತ್ತು. ಕೆಮ್ಮು ಬರಲಿಲ್ಲ. ಬಾಯಿ ತೆರೆದಿತ್ತು, ಎದೆ ಎಳೆಯುತ್ತಿತ್ತು, ಸದ್ದಿಲ್ಲ. ನಾನು ಹಿಂದಿನಿಂದ ತೋಳು ಹಾಕಿ ಮುಂದಕ್ಕೆ ಬಾಗಿಸಿದೆ, ಗಂಟಲಿಗೆ ಬೆರಳು ಹಾಕಿ ಅನ್ನ ತೆಗೆದೆ. ನನ್ನ ಮಣಿಕಟ್ಟಿನ ಮೇಲೆ ಆಕೆಯ ಉಗುರುಗಳು ಊರಿದ್ದವು, ಆದರೆ ಅವುಗಳಲ್ಲಿ ಒತ್ತಡವೇ ಇರಲಿಲ್ಲ. ಉಸಿರು ಮತ್ತೆ ಸದ್ದು ಮಾಡಿದಾಗ, ಚೆಲ್ಲಿದ್ದ ಸಾರಿನ ಮೇಲೆಯೇ ಕೂತುಬಿಟ್ಟೆ.

“ನೋಡಿದ್ರೇನ್ರೀ?” ಎಂದರು ಅತ್ತೆ. ದನಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ. “ಮಂದಿ ಮುಂದ ಇನ್ನಾ ಹೆಚ್ಚು ಮಾಡ್ತಾಳ. ನಿಮ್ಮ ದವಾಖಾನಿಯಾಗ ಏನೂ ಇಲ್ಲಂತ ಅಂದ್ರಲ್ಲ? ಇನ್ನ ನಮ್ಮ ಕೈಲಿ ಆಗಂಗಿಲ್ಲ. ಕುರುಗೋಡಿಗಿ, ಆಕಿ ತವರಿಗಿ ಬಿಟ್ಟು ಬರ್ತೀವಿ.”

ಗುಳಿಗೆ ಎಲ್ಲಿ ಎಂದು ಕೇಳಿದೆ. ಗಂಡ ಗೂಡಿನಿಂದ ತಂದುಕೊಟ್ಟ. ದಿನವೂ ತಪ್ಪದೆ ನುಂಗಿಸಿದ್ದರು. ಸ್ನಾಯುವೇ ಸೋಲುತ್ತಿರುವವರಿಗೆ ನಿದ್ದೆಯ ಗುಳಿಗೆ ಉಸಿರಾಟವನ್ನೂ ಸೋಲಿಸಬಹುದು. ಅದನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ. ಅಂಗಳಕ್ಕೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿ, ಕಂಡದ್ದನ್ನು ಒಂದೊಂದಾಗಿ ಹೇಳಿದೆ. ಅವರು, “ಗುಳಿಗೆ ನಿಲ್ಲಿಸಿ. ಈಗಲೇ ಸಿರುಗುಪ್ಪ ಆಸ್ಪತ್ರೆಗೆ ಕರೆದೊಯ್ಯಿರಿ,” ಎಂದರು.

ಆಟೋದಲ್ಲಿ ಆಕೆ ಗಂಡನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಸಿರುಗುಪ್ಪದಲ್ಲಿ ಅಪಘಾತದ ಗಾಯಾಳುಗಳು ಬಂದಿದ್ದರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಅಲ್ಲಿ ಆಕೆ ಮಲಗಿದಳು. ಸರದಿ ಬಂದಾಗ ಎದ್ದು, ನಡೆದು ಒಳಗೆ ಹೋದಳು. ಡ್ಯೂಟಿ ವೈದ್ಯರು ನುಂಗಿಸಿ ನೋಡಿದರು, ಎದೆ ಕೇಳಿದರು, ಕೈ ಹಿಂಡಿಸಿದರು. ಎಲ್ಲ ಸರಿ. “ಅವಸರದಲ್ಲಿ ಉಣ್ಣಬ್ಯಾಡಮ್ಮ,” ಎಂದು ಕಳಿಸಿದರು. ಅತ್ತೆ ನನ್ನ ಕಡೆ ನೋಡಿದ ನೋಟವನ್ನು ನಾನು ಬಹಳ ದಿನ ಮರೆಯಲಿಲ್ಲ. ಗೆದ್ದವರ ನೋಟವಲ್ಲ ಅದು. ಇನ್ನೆಷ್ಟು ಸಲ ನಮ್ಮನ್ನು ಓಡಾಡಿಸುತ್ತೀರಿ ಎಂಬಂತಿತ್ತು.

ಆಸ್ಪತ್ರೆಯ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, ಆ ಮೊದಲ ಬೆಳಿಗ್ಗೆ ಹೇಗೆ ಬಂದಿರಿ ಎಂದು ಗಂಡನನ್ನು ಕೇಳಿದೆ. ಆತ ಅನುಮಾನದಿಂದಲೇ ಹೇಳಿದ. ದವಾಖಾನೆಗೆ ಹೋಗುವವಳೆಂದು ಹಿಂದಿನ ದಿನ ಕೂಲಿಗೆ ಕಳಿಸಿರಲಿಲ್ಲ. ರಕ್ತ ತೆಗೆಯುತ್ತಾರೆಂದು ಖಾಲಿ ಹೊಟ್ಟೆಯಲ್ಲಿ ಕರೆತಂದಿದ್ದರು. ನಾವು ಯಾರೂ ಹಾಗೆ ಹೇಳಿರಲಿಲ್ಲ, ಆದರೆ ಈ ಸೀಮೆಯಲ್ಲಿ ದೊಡ್ಡ ದವಾಖಾನೆಗೆ ಹೋಗುವುದೆಂದರೆ ಹಾಗೆಯೇ. ಬಸ್ಸಿನಲ್ಲಿ ಕಿಟಕಿಗೆ ಒರಗಿ ಮಲಗಿಸಿದ್ದರು. ಡಾಕ್ಟರ ಮುಂದೆ ದೊಡ್ಡವರು ಮಾತನಾಡುವುದು, ಸೊಸೆ ಸುಮ್ಮನಿರುವುದು. ಕಣ್ಣಿನ ಮೇಲೆ ಸೆರಗು.

ಆಗ ಅರ್ಥವಾಯಿತು. ವಿಶ್ರಾಂತಿ ಸಿಕ್ಕರೆ ಈ ಸೋಲು ಮರೆಯಾಗುತ್ತದೆ, ಈಗ ಬೆಂಚಿನ ಮೇಲೆ ಆದದ್ದೂ ಅದೇ. ಅಗಿಯದ ದವಡೆ, ಮಾತಾಡದ ನಾಲಗೆ, ದುಡಿಯದ ತೋಳು, ನಿದ್ದೆ ಮಾಡಿದ ಕಣ್ಣು. ಕಾಯಿಲೆ ಕಾಣಲು ಯಾವುದು ದಣಿಯಬೇಕೋ ಅದನ್ನೆಲ್ಲ ಅವರು ಗೌರವದಿಂದ, ಕಾಳಜಿಯಿಂದ, ಒರೆಸಿ ತೊಳೆದು ನಮ್ಮ ಮುಂದೆ ತಂದು ಕೂರಿಸಿದ್ದರು. ನಾನು ಆಕೆಯ ಬಲವನ್ನು ಅಳೆದಿದ್ದೆ. ಆಕೆಯ ದಿನ ಕರೂರಿನಲ್ಲೇ ಉಳಿದಿತ್ತು.

ನರರೋಗ ತಜ್ಞರು ಬರುವ ದಿನ ಹತ್ತಿರವಿತ್ತು. ಮುಖ್ಯಸ್ಥರಿಗೆ ಎಲ್ಲ ವಿವರಿಸಿ, ಮನೆಯಲ್ಲಿ ನಾನು ನೋಡಿದ್ದನ್ನೇ ಅಂಕವಾಗಿ ಒಪ್ಪಿರಿ ಎಂದು ಕೇಳಿದೆ.

“ನೀವು ಸುಳ್ಳು ಹೇಳ್ತೀರಿ ಅಂತ ನಾನು ಅನ್ನೋದಿಲ್ಲ. ಆದರೆ ಅಂಕ ನಮ್ಮ ಕೋಣೆಯದೇ ಆಗಬೇಕು. ನಮ್ಮ ಕುರ್ಚಿ, ನನ್ನ ಎದುರು. ಇಲ್ಲದಿದ್ದರೆ ತಜ್ಞರು ನನ್ನನ್ನ ಕೇಳ್ತಾರೆ.”

“ಕೋಣೆ ನಿಮ್ಮದು, ಒಪ್ಪಿದೆ. ಹೊತ್ತು ಮಾತ್ರ ಆಕೆಯದು. ತಜ್ಞರ ಸಾಲಿನ ಕೊನೆಗೆ ತರುತ್ತೇನೆ.”

“ದಣಿಸಿ ತರ್ತೀರಾ? ದಾರಿಯಲ್ಲಿ ಏನಾದರೂ ಆದರೆ?”

ಕೆಮ್ಮಲಾಗದೆ ತೆರೆದ ಆ ಬಾಯಿ ನನ್ನ ಕಣ್ಣ ಮುಂದೆಯೇ ಇತ್ತು. ಆದರೆ ನಾನು ಆಕೆಗೆ ಹೊಸ ದಣಿವು ಕೊಡುತ್ತಿರಲಿಲ್ಲ. ಆಕೆ ದಿನವೂ ಒಬ್ಬಳೇ ಹೊರುತ್ತಿದ್ದ ದಣಿವಿನಲ್ಲಿ ಅರ್ಧವನ್ನು, ಒಂದು ದಿನದ ಮಟ್ಟಿಗೆ, ನೋಡಬಲ್ಲವರ ಕಣ್ಣೆದುರು ತರುವುದಷ್ಟೆ. ಹಾಗೆಂದೆ. “ಜತೆಗೆ ನಾನಿರ್ತೀನಿ,” ಎಂದೂ ಹೇಳಿದೆ.

ಆ ದಿನ ನಾನೇ ಕರೂರಿಗೆ ಹೋದೆ. ಚೀಲದಲ್ಲಿ, ಕೈಯಿಂದ ಹಿಚುಕಿ ಉಸಿರು ಕೊಡುವ ರಬ್ಬರ್ ಬುರುಡೆ ಮತ್ತು ಅದರ ಮುಖವಾಡವಿತ್ತು. ಬೆಳಗಿನ ಬಸ್ಸು ಬೇಡ, ಮಧ್ಯಾಹ್ನದ ಬಸ್ಸಿಗೆ ಹೊರಡೋಣ ಎಂದೆ. ಗದ್ದೆಗೆ ಕಳಿಸಲಿಲ್ಲ, ಮನೆಗೆಲಸ ಮಾತ್ರ ಎಂದಿನಂತೆ ಮಾಡಲು ಹೇಳಿದೆ. ನೆನೆಸಿ ಮೆತ್ತಗೆ ಮಾಡಿದ ರೊಟ್ಟಿಯನ್ನು ನನ್ನ ಎದುರೇ ನಿಧಾನ ಅಗಿದು ಉಣ್ಣಲು ಹೇಳಿದೆ. ಆಮೇಲೆ ಕಡೆಯ ಎರಡು ನಿಯಮ ಹೇಳಿದೆ: ಬಳ್ಳಾರಿ ಮುಟ್ಟುವ ತನಕ ಆಕೆ ಮಾತಾಡುತ್ತಲೇ ಇರಬೇಕು, ಅತ್ತೆ ಒಂದು ಮಾತೂ ಆಡಬಾರದು. ಉಸಿರಿಗೋ ಗಂಟಲಿಗೋ ತೊಂದರೆ ಅನ್ನಿಸಿದರೆ ನನ್ನ ತೊಡೆ ತಟ್ಟಬೇಕು, ತಟ್ಟಿದರೆ ಅಲ್ಲೇ ಇಳಿದು ಹತ್ತಿರದ ಆಸ್ಪತ್ರೆ.

“ನಾ ಯಾಕ ಸುಮ್ನಿರ್ಬೇಕ್ರೀ?” ಎಂದರು ಅತ್ತೆ.

“ಅದೂ ಪರೀಕ್ಷೆಯೇ.”

“ನನಗ್ಯಾಕ ಪರೀಕ್ಷಿ? ನಂಗೇನಾಗೈತಿ?” ಗಂಡ ಮುಖ ಆಚೆ ತಿರುಗಿಸಿ ನಗು ನುಂಗಿದ.

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿದೆವು. ಆಕೆ ಶುರುವಿನಲ್ಲಿ ಏನು ಮಾತಾಡಲಿ ಎಂದು ಒದ್ದಾಡಿದಳು. ಎಮ್ಮೆಯ ಬಗ್ಗೆ ಹೇಳಿದಳು, ಮಗಳ ಶಾಲೆಯ ಬಗ್ಗೆ ಹೇಳಿದಳು. ಮತ್ತೆ ನಿಂತಳು. ನಾನು, “ನಿಲ್ಲಿಸಬೇಡಿ,” ಎಂದೆ. ಆಗ ಆಕೆ ಸೆರಗು ಹಿಂದಕ್ಕೆ ಸರಿಸಿ ಅತ್ತೆಯ ಕಡೆ ತಿರುಗಿದಳು.

“ರೂಪನಗುಡಿ ಮದುವಿ ನೆನಪೈತೇನ್ ಅತ್ತಿ? ಹೋಳಿಗಿ ಎಲಿ ತುಂಬ ಹಾಕಿದ್ರು. ನನಗ ಅಗಿಯಾಕ ಆಗಲಿಲ್ಲ, ನುಂಗಾಕ ಆಗಲಿಲ್ಲ. ಸೆರಗಿನ್ಯಾಗ ಕಟ್ಕೊಂಡು ಹೋಗಿ ದನಕ್ಕ ಹಾಕಿದೆ. ನೀ ನೋಡಿದಿ. ಅನ್ನಕ್ಕ ಸೊಕ್ಕು ಬಂದೈತಿ ಅಂತ ಹತ್ತು ಮಂದ್ಯಾಗ ಅಂದಿ. ನಾ ಹಸದಿದ್ನಿ ಅತ್ತಿ. ಹಸದಿದ್ನಿ.”

ಅತ್ತೆ ಬಾಯಿ ತೆರೆದರು. ನಾನು ಕೈ ಎತ್ತಿದೆ. ಅವರು ಬಾಯಿ ಮುಚ್ಚಿ ಕಿಟಕಿಯ ಕಂಬಿ ಹಿಡಿದರು.

ಅಲ್ಲಿಂದ ಮಾತು ನಿಲ್ಲಲಿಲ್ಲ. ಜಡೆ ಹೆಣೆಯಲಾಗದೆ ಮುಡಿ ಕಟ್ಟಿಕೊಂಡದ್ದಕ್ಕೆ ಆಡಿಕೊಂಡದ್ದು, ಮಗುವನ್ನು ಎತ್ತಿದವಳು ಕೈ ಸೋತು ಕೂತದ್ದಕ್ಕೆ ಬೈದದ್ದು, ಎರಡೆರಡು ಕಾಣುತ್ತದೆ ಎಂದರೆ ಕುಡಿದಿದ್ದಾಳೆ ಎಂದದ್ದು. ಹಿಂದಿನ ಸೀಟಿನಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೈ ಇಟ್ಟು ಕೂತಿದ್ದ ಮುದುಕಿ ಮುಂದಕ್ಕೆ ಬಾಗಿದಳು.

“ಮಾತಾಡಮ್ಮಾ, ಮಾತಾಡು. ನಮಗ ಟಿಕೆಟ್ ಫ್ರೀ ಕೊಟ್ಟಾರ, ಮಾತಿಗೇನ್ ದುಡ್ಡಾ?”

ಕಂಡಕ್ಟರ್ ತಲೆ ಕೆರೆದುಕೊಂಡ. “ಇದು ಬಸ್ಸೋ ಪಂಚಾಯ್ತಿ ಕಟ್ಟಿಯೋ ತಿಳೀವಲ್ದು. ಗಂಡಸ್ರು ಯಾರರ ಅದಾರೇನ್ರೀ ಈ ಕಡಿ?”

“ನಾ ಅದೀನಿ,” ಎಂದ ಆಕೆಯ ಗಂಡ, ಬಹಳ ಸಣ್ಣ ದನಿಯಲ್ಲಿ. ಬಸ್ಸು ನಕ್ಕಿತು.

ತೆಕ್ಕಲಕೋಟೆ ದಾಟಿದ ಮೇಲೆ ಯಾರೂ ನಗಲಿಲ್ಲ. ಆಕೆಯ ದನಿ ಮೂಗಿಗೆ ಏರಿತ್ತು. ಪದಗಳ ಅಂಚು ಕರಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆಕೆ ಗದ್ದಕ್ಕೆ ಅಂಗೈ ಕೊಟ್ಟು, ಬಾಯಿಯನ್ನು ಕೈಯಿಂದಲೇ ಮುಚ್ಚಿ ತೆರೆದು ಮಾತಾಡತೊಡಗಿದಳು. ನಾನು ಸಾಕು ಎಂದೆ. ಆಕೆ ತಲೆ ಅಲ್ಲಾಡಿಸಿದಳು. ನನ್ನ ಕಣ್ಣು ಆಕೆಯ ಎದೆಯ ಏರಿಳಿತದ ಮೇಲಿತ್ತು, ಕೈ ನನ್ನ ಚೀಲದೊಳಗಿತ್ತು, ಮುಖವಾಡ ಹಿಡಿದು. ಅತ್ತೆ ಈಗ ಕಿಟಕಿ ನೋಡುತ್ತಿರಲಿಲ್ಲ. ಸೊಸೆಯ ಮುಖವನ್ನು, ಹತ್ತಿರದಿಂದ, ಅಷ್ಟು ಹೊತ್ತು, ಬಹುಶಃ ಮೊದಲ ಸಲ ನೋಡುತ್ತಿದ್ದರು. ಆಕೆ ನನ್ನ ತೊಡೆ ತಟ್ಟಲಿಲ್ಲ.

ಕೋಣೆಯಲ್ಲಿ ಮುಖ್ಯಸ್ಥರು ಎದುರು ಕೂತರು. ಆಕೆಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಮೇಲೆ ಛಾವಣಿ ನೋಡಲು ಹೇಳಿದೆ. ರೆಪ್ಪೆಗಳು ಇಳಿದವು, ಎಡಗಡೆಯದು ಪೂರ್ತಿ ಮುಚ್ಚಿತು. ತೋಳುಗಳನ್ನು ಮುಂದೆ ಚಾಚಿಸಿದೆ. ನೀರಿನೊಳಗೆ ಮುಳುಗುವಂತೆ ಕೆಳಗೆ ಹೋದವು. ಎಣಿಸಲು ಹೇಳಿದೆ, ಸಂಖ್ಯೆಗಳು ಬಂದವು, ವ್ಯಂಜನಗಳು ಬರಲಿಲ್ಲ. ಆಸ್ಪತ್ರೆ ಗೇಟಿನ ಹಣ್ಣಿನ ರಸದ ಅಂಗಡಿಯಿಂದ ತರಿಸಿದ್ದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಮುಖ್ಯಸ್ಥರ ಕೈಗೆ ಕೊಟ್ಟೆ. ಈ ಕಾಯಿಲೆಯಲ್ಲಿ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ದಾಟುವುದಿಲ್ಲ. ತಣ್ಣಗಾದಾಗ ಸ್ವಲ್ಪ ಹೊತ್ತು ದಾಟುತ್ತದೆ. ಇದು ಅವರಿಗೂ ಗೊತ್ತು. ಅವರೇ ಮುಚ್ಚಿದ ರೆಪ್ಪೆಯ ಮೇಲೆ ಒತ್ತಿ ಹಿಡಿದರು. ತೆಗೆದಾಗ ಆ ಕಣ್ಣು ತೆರೆದಿತ್ತು, ಒದ್ದೆಯಾಗಿ, ನೇರವಾಗಿ ಅವರನ್ನೇ ನೋಡುತ್ತ.

ಯಾವ ನಟನೆಗೂ ಆಗದ ಕೆಲಸ ಅದು. ಮುಖ್ಯಸ್ಥರು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಕರೆಗಂಟೆ ಒತ್ತದೆ, ತಾವೇ ಎದ್ದುಹೋಗಿ ತಜ್ಞರನ್ನು ಕರೆತಂದರು.

ತಜ್ಞರು ನುಂಗಲು, ಉಸಿರೆಳೆಯಲು ಹೇಳಿ ನೋಡಿದರು. “ಇವತ್ತೇ ದಾಖಲು ಮಾಡಿ. ಉಸಿರಿನ ಮೇಲೆ ಕಣ್ಣಿರಲಿ. ನಿದ್ದೆ ಗುಳಿಗೆ ಯಾರು ಕೊಟ್ಟಿದ್ದು?”

“ನಾನು,” ಎಂದರು ಮುಖ್ಯಸ್ಥರು.

ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಆದರೆ ಔಷಧದಿಂದ ಹಿಡಿತಕ್ಕೆ ಬರುತ್ತದೆ, ಉಣ್ಣಬಹುದು, ದುಡಿಯಬಹುದು ಎಂದು ತಜ್ಞರು ಗಂಡನಿಗೆ ಹೇಳಿದರು. ಕುರುಗೋಡಿಗೆ, ತವರಿಗೆ ಬಿಟ್ಟುಬರುವ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ನನ್ನನ್ನು ಮಾತ್ರ ಮುಖ್ಯಸ್ಥರು ಹೊರಗೆ ಕರೆದು, ರೋಗಿಯನ್ನು ದಣಿಸಿ ತರುವುದು ಪದ್ಧತಿಯಾಗಬಾರದು ಎಂದರು. ಪದ್ಧತಿಯಾಗಬಾರದು, ಒಪ್ಪಿದೆ, ಹಾಗಾದರೆ ನಮ್ಮ ಕೋಣೆ ಸಂಜೆಯೂ ತೆರೆದಿರಲಿ ಎಂದೆ. ಇಂದಿಗೂ ನಾನು ಆ ಮಾತನ್ನು ಪ್ರತಿ ತಿಂಗಳೂ ಕೇಳುತ್ತಿದ್ದೇನೆ.

ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಇಂಜೆಕ್ಷನ್ನಿಗೆ ಇನ್ನೂ ಹೊತ್ತಿತ್ತು. ನರ್ಸ್ ಬಂದು, “ಏನಮ್ಮ ತೊಂದ್ರಿ? ಯಾವಾಗಿಂದ ಐತಿ?” ಎಂದು ಕೇಳಿದಳು.

“ಆಕಿಗಿ ಏನಂದ್ರ—” ಎಂದು ಅತ್ತೆ ಶುರುಮಾಡಿದರು. ಪಾಪ, ಈ ಸಲ ಸೊಸೆಯ ಪರವಾಗಿಯೇ, ಕಣ್ಣು ತುಂಬಿತ್ತು. “ಆಕಿ ಮಾತಾಡಿ ಮಾತಾಡಿ ಸೋತಾಳ್ರೀ, ನಾ ಹೇಳ್ತೀನಿ.”

ಆಕೆ ಒಂದು ಕೈಯಿಂದ ಅತ್ತೆಯ ಮುಂಗೈ ಹಿಡಿದು ಕೆಳಗಿಳಿಸಿದಳು. ಇನ್ನೊಂದು ಕೈಯನ್ನು ಗದ್ದದ ಅಡಿಗೆ ಕೊಟ್ಟು ಬಾಯಿಯನ್ನು ಮೇಲಕ್ಕೆತ್ತಿದಳು.

“ನಾ ಹೇಳ್ತೀನಿ.”

ಮೊದಲ ಪದಕ್ಕೆ ಬಹಳ ಹೊತ್ತು ಹಿಡಿಯಿತು. ನರ್ಸ್ ಪೆನ್ನು ಎತ್ತಿ ಹಿಡಿದೇ ನಿಂತಿದ್ದಳು. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ.